ಕಬಡ್ಡಿಯಲ್ಲಿ ತಲೆಗೆ ಬೀಳುವ ಪೆಟ್ಟು ಕಡಿಮೆ ಮಾಡಲು ರಗ್ಬಿ ಲೀಗ್‌ನಿಂದ ಏನು ತಗೋಬಹುದು?

ಅಂಕೋಲಾ ಹತ್ತಿರ ನಿಮ್ಮ ಯುವಕ ಸಂಘ ನಡೆಸಿದ ಹೊನಲು ಬೆಳಕಿನ ಕಬಡ್ಡಿಯಲ್ಲಿ ಒಬ್ಬ ಹುಡುಗನ ತಲೆಗೆ ಜೋರು ಪೆಟ್ಟಾಯಿತು ಅಂತ ಬರೆದಿದ್ದೀರಿ. ಟಿವಿಯಲ್ಲಿ ಬರುವ, ರಗ್ಬಿಯದೇ ಒಂದು ಬಗೆಯಾದ ರಗ್ಬಿ ಲೀಗ್ ಆಟದಲ್ಲಿ ಪೆಟ್ಟಾದವರನ್ನು ಕೂಡಲೇ ಹೊರಗೆ ಕರೆದೊಯ್ಯುತ್ತಾರೆ, ಅದರಲ್ಲಿ ನಮಗೆ ಹೊಂದುವಂಥದ್ದು ಏನಿದೆ, ಹೆಲ್ಮೆಟ್ ಹಾಕಿಸಿದರೆ ಸಾಕಾ, ಆ ಹುಡುಗ ಮುಂದಿನ ಭಾನುವಾರ ಆಡಬಹುದಾ ಎಂದು ಕೇಳಿದ್ದೀರಿ.

ನಾನು ಕುಮಟಾ ಕಡೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕ. ಗದ್ದೆ ಕೊಯ್ಲು ಮುಗಿದ ಮೇಲೆ ಮಳೆಗಾಲ ಹಿಡಿಯುವವರೆಗೆ ಹೊನ್ನಾವರದಿಂದ ಕಾರವಾರದವರೆಗೆ ಅಂಪೈರ್ ಆಗಿ ಹೋಗುತ್ತಿರುತ್ತೇನೆ. ವೈದ್ಯನಲ್ಲ. ಆದರೆ ಈ ವಿಷಯವನ್ನು ತುಂಬಾ ಮನಸ್ಸಿಗೆ ಹಚ್ಚಿಕೊಂಡು ಓದಿದ್ದೇನೆ.

ಹೆಲ್ಮೆಟ್ ಮಾತು ಮೊದಲು ಮುಗಿಸೋಣ. ರಗ್ಬಿ ಆಟಗಾರರು ಕೆಲವರು ಮೆತ್ತನೆಯ ಟೋಪಿ ಹಾಕುತ್ತಾರೆ. ಅದರಿಂದ ಕಿವಿ, ಚರ್ಮ ಹರಿಯುವುದು ತಪ್ಪುತ್ತದೆ, ಕನ್ಕಷನ್ ತಪ್ಪುವುದಿಲ್ಲ. ಕನ್ಕಷನ್ ಅಂದರೆ ತಲೆ ಒಮ್ಮೆಲೇ ಅಲುಗಿದಾಗ ಒಳಗಿನ ಮೆದುಳು ಕುಲುಕಿ ಅದರ ಕೆಲಸ ಏರುಪೇರಾಗುವುದು. ಒಣಗಿದ ತೆಂಗಿನಕಾಯಿ ಅಲ್ಲಾಡಿಸಿದರೆ ಗಿಟುಕು ಒಳಗೆ ಬಡಿಯುತ್ತದಲ್ಲ, ಮೇಲೆ ಎಷ್ಟು ದಪ್ಪ ಸಿಪ್ಪೆ ಇದ್ದರೂ ಅದು ನಿಲ್ಲುವುದಿಲ್ಲ. ಸ್ಕ್ಯಾನ್‌ನಲ್ಲೂ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಸಿಟಿ ಸ್ಕ್ಯಾನ್ ಮಾಡುವುದು ರಕ್ತಸ್ರಾವ, ಎಲುಬು ಮುರಿತ ಇದೆಯಾ ಅಂತ ನೋಡಲಿಕ್ಕೆ. ಹಾಗಾಗಿ 'ಸ್ಕ್ಯಾನ್ ನಾರ್ಮಲ್ ಬಂತು, ನಾಳೆ ಆಡ್ತಾನೆ' ಅನ್ನುವ ಮಾತಿಗೆ ಅರ್ಥವಿಲ್ಲ.

ಹಾಗಾದರೆ ರಗ್ಬಿ ಲೀಗ್‌ನವರು ಮಾಡಿದ್ದೇನು? ಆಸ್ಟ್ರೇಲಿಯಾದ ದೊಡ್ಡ ರಗ್ಬಿ ಲೀಗ್ ಪಂದ್ಯಾವಳಿ ಎನ್‌ಆರ್‌ಎಲ್ 2013ರಲ್ಲಿ ಭುಜದಿಂದ ಗುದ್ದಿ ಬೀಳಿಸುವುದನ್ನು ನಿಷೇಧಿಸಿತು. 2021ರ ಮೇ ತಿಂಗಳಿಂದ ತಲೆಗೆ, ಕುತ್ತಿಗೆಗೆ ತಾಗುವ ಹಿಡಿತಕ್ಕೆ ಆಟಗಾರರನ್ನು ಹೊರಗೆ ಹಾಕುವುದು ಜಾಸ್ತಿಯಾಯಿತು. ಇವು ಪೆಟ್ಟು ತಡೆಯುವ ನಿಯಮಗಳು, ಬೇಕೇ ಬೇಕು. ಆದರೆ ನನ್ನ ಮಟ್ಟಿಗೆ ದೊಡ್ಡದು ಬೇರೆ ಇದೆ. ಪೆಟ್ಟಾದವನು ಆಟ ಮುಂದುವರಿಸಬೇಕಾ ಬೇಡವಾ ಅನ್ನುವ ತೀರ್ಮಾನವನ್ನು ಅವರು ಆಟಗಾರನ ಕೈಯಿಂದ, ಕೋಚ್ ಕೈಯಿಂದ ತೆಗೆದುಬಿಟ್ಟರು.

ಅದು ಒಂದೇ ಸಲಕ್ಕೆ ಆದದ್ದಲ್ಲ. 2014ರಲ್ಲಿ, ತಲೆಗೆ ಪೆಟ್ಟಾದ ಅನುಮಾನ ಇದ್ದರೆ ಆಟಗಾರನನ್ನು ಹದಿನೈದು ನಿಮಿಷ ಒಳಗೆ ಕರೆದೊಯ್ದು ಪರೀಕ್ಷೆ ಮಾಡಬಹುದು, ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸಿದ್ದನ್ನು ತಂಡದ ಬದಲಾವಣೆಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಮಾಡಿದರು. ಆಮೇಲೂ ಕ್ಲಬ್‌ಗಳು ಈ ನಿಯಮವನ್ನು ತಪ್ಪಿಸಿದವು. 2017ರಲ್ಲಿ ಮೂರು ಕ್ಲಬ್‌ಗಳಿಗೆ ದೊಡ್ಡ ದಂಡ ಬಿತ್ತು. 2021ರಲ್ಲಿ ಇಂಥ ಪೆಟ್ಟಿಗೆಂದೇ ತಂಡದ ಮೇಲೆ ಒಬ್ಬ ಹೆಚ್ಚುವರಿ, ಹದಿನೆಂಟನೇ ಆಟಗಾರನನ್ನು ಕಾದಿರಿಸಿದರು. 2022ರಿಂದ ಎರಡೂ ತಂಡಕ್ಕೆ ಸೇರದ ವೈದ್ಯರು ವಿಡಿಯೋ ಕೋಣೆಯಲ್ಲಿ ಕೂತು ನೋಡುತ್ತಾರೆ. ಅವರು ಹೊರಗೆ ಅಂದರೆ ಹೊರಗೆ. 2023ರಿಂದ ಕನ್ಕಷನ್ ಆದವನು ಸಾಮಾನ್ಯವಾಗಿ ಕನಿಷ್ಠ 11 ದಿನ ಆಡುವಂತಿಲ್ಲ. ಅಲ್ಲಿ ದುಡ್ಡು, ವೈದ್ಯರು ಎಲ್ಲ ಇದ್ದೂ ಇಷ್ಟು ವರ್ಷ ಬೇಕಾಯಿತು, ಯಾಕೆಂದರೆ ಗೆಲ್ಲಬೇಕು ಅನ್ನುವವನ ಕೈಯಲ್ಲೇ ಈ ತೀರ್ಮಾನ ಉಳಿದರೆ ಅವನು ಆಡಿಸಿಯೇ ಆಡಿಸುತ್ತಾನೆ.

ನಮ್ಮಲ್ಲೂ ಇದೇ ಕಥೆ. ಒಂದು ಊರಿನ ಸೆಮಿಫೈನಲ್‌ನಲ್ಲಿ ಎಡ ಕಾರ್ನರ್‌ನ ಹುಡುಗ ಆ್ಯಂಕಲ್ ಹೋಲ್ಡ್‌ಗೆ ನುಗ್ಗಿದ. ರೇಡರ್ ಕಾಲು ಎಳೆದುಕೊಂಡಾಗ ಮೊಣಕಾಲು ಹುಡುಗನ ಕಿವಿಯ ಮೇಲೆ ಬಡಿಯಿತು. ಅವನು ಬಿದ್ದ, ಕೈ ಎರಡು ಸೆಕೆಂಡ್ ಸೆಟೆದು ಗಾಳಿಯಲ್ಲೇ ನಿಂತಿತು. ಯಾರೋ ತಲೆಗೆ ನೀರು ಸುರಿದರು, ಯಾರೋ ಈರುಳ್ಳಿ ಮೂಸಿಸಿದರು, ಕುತ್ತಿಗೆಗೆ ನೋವಿನ ಸ್ಪ್ರೇ ಹೊಡೆದರು. ಎದ್ದವನು ಎದುರು ತಂಡದ ಕಡೆ ನಡೆದುಹೋದ. ಮೈಕಿನಲ್ಲಿ 'ಗಂಡೆದೆಯ ಆಟಗಾರ, ಜೋರಾದ ಚಪ್ಪಾಳೆ' ಅಂದರು. ಜನ ಹೊಡೆದರು ಕೂಡ. ಆಡಿಸಬೇಡಿ ಅಂದೆ. ಅವನೇ 'ಸರ್, ಆರಾಮಿದ್ದೇನೆ' ಅಂದ. ಪೆಟ್ಟಾದ ಮೆದುಳನ್ನೇ ಕೇಳಿ ಮೆದುಳು ಸರಿ ಇದೆಯಾ ಅಂತ ತಿಳಿಯಲು ಆಗುತ್ತದಾ? ಕೈ ಹಾಗೆ ಸೆಟೆಯುವುದು, ಜ್ಞಾನ ತಪ್ಪುವುದು, ಎದ್ದಾಗ ಕಾಲು ತಡವರಿಸುವುದು, ಕಣ್ಣು ಶೂನ್ಯವಾಗಿರುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ರಗ್ಬಿ ಲೀಗ್‌ನಲ್ಲಿ ಅಂಥವನಿಗೆ ಆ ದಿನದ ಆಟ ಮುಗಿಯಿತು, ಪರೀಕ್ಷೆ ಮಾಡಿ ವಾಪಸ್ ಕಳಿಸುವ ಮಾತೇ ಇಲ್ಲ.

ನಿಮ್ಮ ಸಂಘಕ್ಕೆ ನಾನು ಹೇಳುವುದು ಇಷ್ಟು. ಎರಡೂ ತಂಡಕ್ಕೆ ಸಂಬಂಧವಿಲ್ಲದ ಒಬ್ಬರನ್ನು ಲಾಬಿಯ ಪಕ್ಕ ಕೂರಿಸಿ. ನಿಮ್ಮೂರಿನ ನರ್ಸ್ ಆಗಬಹುದು, ಆರೋಗ್ಯ ಸಹಾಯಕಿ ಆಗಬಹುದು. ಅವರ ಮಾತೇ ಕೊನೆ ಅಂತ ಮ್ಯಾನೇಜರ್‌ಗಳ ಸಭೆಯಲ್ಲೇ ಹೇಳಿಬಿಡಿ. ಆಮೇಲೆ, ತಲೆಗೆ ಪೆಟ್ಟಾದವನ ಬದಲಿಗೆ ಬರುವವನನ್ನು ಬದಲಾವಣೆಯ ಲೆಕ್ಕಕ್ಕೆ ಹಿಡಿಯಬೇಡಿ. ತಂಡಕ್ಕೆ ನಷ್ಟ ಇಲ್ಲ ಅಂದರೆ ಜಗಳ ಅರ್ಧ ಕಡಿಮೆ. ಯಾರಾದರೂ ಇದೆಂಥ ಹೊಸ ನಿಯಮ ಅಂದರೆ ಕ್ರಿಕೆಟ್ ತೋರಿಸಿ. 2019ರಲ್ಲಿ ಲಾರ್ಡ್ಸ್‌ನಲ್ಲಿ ಕನ್ಕಷನ್ ಆದ ಸ್ಟೀವ್ ಸ್ಮಿತ್ ಬದಲಿಗೆ ಲಬುಶೇನ್ ಬಂದು ಆಡಿದ್ದು ಎಲ್ಲರಿಗೂ ನೆನಪಿರುತ್ತದೆ.

ಆ ನರ್ಸ್ ಕೈಗೆ ಪ್ರಶ್ನೆಗಳ ಒಂದು ಚೀಟಿ ಕೊಡಿ. ನಿನ್ನ ಹೆಸರೇನು, ಅಪ್ಪನ ಹೆಸರೇನು ಅಂತ ಕೇಳಿ ಉಪಯೋಗವಿಲ್ಲ, ಅದು ಕನ್ಕಷನ್ ಆದವನಿಗೂ ಗೊತ್ತಿರುತ್ತದೆ. ಈಗ ಯಾವ ಊರಿನಲ್ಲಿ ಆಡ್ತಿದ್ದೀ? ಇದು ಮೊದಲ ಹಾಫಾ, ಎರಡನೆಯದಾ? ಕೊನೆಯ ಪಾಯಿಂಟ್ ಯಾರಿಗೆ ಬಂತು? ಹಿಂದಿನ ಮ್ಯಾಚ್ ಯಾರ ಮೇಲೆ ಆಡಿದಿರಿ, ಗೆದ್ದಿರಾ? ಒಂದು ತಪ್ಪಿದರೂ ಹೊರಗೆ. ಎಲ್ಲ ಸರಿ ಹೇಳಿದರೂ ತಲೆನೋವು, ವಾಕರಿಕೆ, ಮಂಪರು ಇದ್ದರೆ ಹೊರಗೇ.

ಹಿಡಿಯುವುದನ್ನು ಕಲಿಸುವಾಗಲೂ ಸ್ವಲ್ಪ ಗಮನ ಬೇಕು. ರಗ್ಬಿಯಲ್ಲಿ ಹಿಡಿಯಲು ಹೋದವನ ತಲೆಗೇ ಎಷ್ಟೋ ಸಲ ಪೆಟ್ಟು ಬೀಳುತ್ತದೆ. ಕಬಡ್ಡಿಯಲ್ಲೂ ಅದನ್ನು ನೋಡುತ್ತಿದ್ದೇನೆ. ನಮ್ಮ ಹುಡುಗರು ನೆಲ ನೋಡಿಕೊಂಡು ನುಗ್ಗುತ್ತಾರೆ. ಕಣ್ಣು ರೇಡರ್‌ನ ತೊಡೆಯ ಮೇಲಿರಲಿ, ಗದ್ದ ಮೇಲಿರಲಿ, ತಲೆ ಅವನ ಮೊಣಕಾಲಿನ ಮುಂದೆ ಹೋಗದೆ ಸೊಂಟದ ಪಕ್ಕಕ್ಕೆ ಬರಲಿ. ದಿನಾ ಪ್ರ್ಯಾಕ್ಟೀಸಿನಲ್ಲಿ ಪೂರ್ತಿ ಬಲ ಹಾಕಿ ಕೆಡವಿಸುವುದೂ ಬೇಡ. ಸಣ್ಣ ಪೆಟ್ಟುಗಳೂ ಕೂಡುತ್ತಾ ಹೋಗುತ್ತವೆ. ರಗ್ಬಿ ಲೀಗ್ ಆಡಿ ಕೋಚ್ ಕೂಡ ಆಗಿದ್ದ ಸ್ಟೀವ್ ಫೋಕ್ಸ್, ಪಾಲ್ ಗ್ರೀನ್ ಇಬ್ಬರ ಮೆದುಳಲ್ಲೂ ಸಿಟಿಇ, ಅಂದರೆ ಪೆಟ್ಟುಗಳು ಕೂಡಿ ಮೆದುಳು ನಿಧಾನಕ್ಕೆ ಹಾಳಾಗುವ ಕಾಯಿಲೆ, ಇತ್ತು ಅಂತ ಅವರು ತೀರಿಕೊಂಡ ಮೇಲೆ ಗೊತ್ತಾಯಿತು. ಬದುಕಿದ್ದಾಗ ಅದನ್ನು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಕುತ್ತಿಗೆ ಹಿಸುಕುವುದು, ಬಾಯಿ ಮುಚ್ಚುವುದಂತೂ ಕಬಡ್ಡಿ ನಿಯಮದಲ್ಲೇ ತಪ್ಪು. ಅಂಪೈರ್‌ಗಳು ಕಾರ್ಡ್ ತೆಗೆಯಲು ಹಿಂಜರಿಯಬಾರದು. ಅಂಕಣದ ಅಂಚಿನಲ್ಲಿ ಚಿರೆಕಲ್ಲು, ಲೈಟಿನ ಕಂಬ ಇದ್ದರೆ ದೂರ ಹಾಕಿಸಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಚಾರ ಇದೆ. ತಲೆಯ ಆಪರೇಷನ್ ಬೇಕು ಅಂತಾದರೆ ನಮ್ಮವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ ನಿಮಗೇ ಗೊತ್ತು. ಆದ್ದರಿಂದ ಕಾದು ನೋಡೋಣ ಅನ್ನುವ ಹೊತ್ತು ನಮಗಿಲ್ಲ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್, ಕೈಕಾಲು ಜೋಮು, ಕಣ್ಣಿಗೆ ಎರಡೆರಡು ಕಾಣುವುದು, ಕಿವಿ ಮೂಗಿನಿಂದ ನೀರು ಬರುವುದು, ಯಾವುದಿದ್ದರೂ 108ಕ್ಕೆ ಫೋನ್ ಮಾಡಿ. ಕುತ್ತಿಗೆ ನೋವು ಅಂದವನನ್ನು ಎತ್ತಿ ಕೂರಿಸಬೇಡಿ. ಏನೂ ಕಾಣದಿದ್ದರೂ ಆ ರಾತ್ರಿ ಒಬ್ಬನೇ ಬೈಕ್ ಹತ್ತಿ ಮನೆಗೆ ಹೋಗಲು ಬಿಡಬೇಡಿ, ಕುಡಿಯಲು ಬಿಡಬೇಡಿ, ಮನೆಯವರಿಗೆ ತಿಳಿಸಿ.

ಇನ್ನು ನಿಮ್ಮ ಹುಡುಗ. ಓದಲು ಕೂತರೆ ಇನ್ನೂ ತಲೆ ಸಿಡಿಯುತ್ತದೆ ಅಂದಿದ್ದೀರಿ. ಭಾನುವಾರ ಖಂಡಿತ ಬೇಡ. ಮೊದಲು ವೈದ್ಯರಿಗೆ ತೋರಿಸಿ. ಒಂದೆರಡು ದಿನ ಹಗುರವಾಗಿರಬೇಕು, ಮೊಬೈಲ್ ಕಡಿಮೆ, ಸುಮ್ನೆ ಅತ್ತಿತ್ತ ಓಡಾಡಬಹುದು. ಆಮೇಲೆ ಮೊದಲು ಶಾಲೆ, ಪಾಠ ಸರಿಹೋಗಲಿ. ನಂತರ ನಡಿಗೆ, ಓಟ, ಮೈ ತಾಗದ ಪ್ರ್ಯಾಕ್ಟೀಸ್, ಕೊನೆಗೆ ಹಿಡಿತ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ. ತಲೆನೋವು ಮರಳಿದರೆ ಹಿಂದಿನ ಹಂತಕ್ಕೆ. ಮಕ್ಕಳಿಗೆ, ಊರಮಟ್ಟದ ಆಟಗಾರರಿಗೆ ಆಸ್ಟ್ರೇಲಿಯಾದ 2024ರ ಮಾರ್ಗಸೂಚಿ ಹೇಳುವುದು ಕನಿಷ್ಠ 21 ದಿನ, ಅದರಲ್ಲೂ ಮೈ ತಾಗುವ ಪ್ರ್ಯಾಕ್ಟೀಸಿಗೆ ಮೊದಲು 14 ದಿನ ಯಾವ ತೊಂದರೆಯೂ ಇರಬಾರದು. ಎನ್‌ಆರ್‌ಎಲ್‌ನ 11 ದಿನದ ಲೆಕ್ಕ ಕ್ಲಬ್ಬಿನ ವೈದ್ಯರು ನೋಡಿಕೊಳ್ಳುವವರಿಗೆ, ಅದನ್ನು ಇವನಿಗೆ ಹಚ್ಚಬೇಡಿ. ಮೆದುಳು ಪೂರ್ತಿ ಸುಧಾರಿಸುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಒಳಗೆ ಊತ ಬಂದು ಜೀವಕ್ಕೇ ಕುತ್ತಾಗಬಹುದು, ಚಿಕ್ಕ ವಯಸ್ಸಿನವರಲ್ಲೇ ಅದು ಜಾಸ್ತಿ.

ಒಂದು ತೊಡಕು ಉಳಿಯುತ್ತದೆ. ಪೆಟ್ಟಾಯಿತು ಅಂತ ನೀವು ಆಟದಿಂದ ಹೊರಗಿಟ್ಟ ಹುಡುಗನನ್ನು ಮಾರನೇ ವಾರ ಇನ್ನೊಂದು ಊರಿನ ತಂಡ ಗೆಸ್ಟ್ ಆಟಗಾರ ಅಂತ ಕರೆದುಕೊಂಡು ಹೋಗುತ್ತದೆ. ಆಯೋಜಕರ ವಾಟ್ಸಾಪ್ ಗುಂಪು ಇದ್ದೇ ಇರುತ್ತದಲ್ಲ. ಹುಡುಗನ ಮನೆಯವರನ್ನು ಕೇಳಿಕೊಂಡು, ಇವನನ್ನು ಇಂಥ ತಾರೀಖಿನವರೆಗೆ ಆಡಿಸಬೇಡಿ ಅಂತ ಒಂದು ಸಾಲು ಇವತ್ತೇ ಹಾಕಿ.