ಆಣೆಗೆ ಮುನ್ನ ಆಸ್ಪತ್ರೆ

ಪತ್ರ: ‘ಟೆಂಡರ್ ಮರ್ಸೀಸ್’ ಎಂಬ ಹಳೆಯ ಅಮೆರಿಕನ್ ಚಿತ್ರ ನೋಡಿದೆ. ಕುಡುಕ ಹಾಡುಗಾರನೊಬ್ಬ ದೈವಭಕ್ತೆಯ ಕೈಹಿಡಿದು ಸರಿಹೋಗುತ್ತಾನೆ. ನನ್ನ ಗಂಡನಿಗಾಗಿ ನಾನು ಹೊರದ ಹರಕೆಯಿಲ್ಲ. ಈಗ ಬೆಳಗ್ಗೆ ಕುಡಿಯದಿದ್ದರೆ ಅವರ ಕೈ ನಡುಗುತ್ತದೆ. ಬರುವ ಅಮಾವಾಸ್ಯೆಗೆ ದೇವರ ಮುಂದೆ ಆಣೆ ಮಾಡಿಸಿ ಒಂದೇ ಸಲಕ್ಕೆ ಬಿಡಿಸಬೇಕೆಂದಿದ್ದೇನೆ. ನನ್ನ ಭಕ್ತಿಯಲ್ಲೇ ಕೊರತೆಯಿದೆಯೇ? (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ: ಇಲ್ಲ ತಾಯಿ, ನಿಮ್ಮ ಭಕ್ತಿಯಲ್ಲಿ ಕೊರತೆಯಿಲ್ಲ. ಆ ಸಂಶಯದಲ್ಲಿ ನೀವು ಇನ್ನೊಂದು ರಾತ್ರಿ ಕೂಡ ನಿದ್ದೆಗೆಡಬಾರದು. ಆದರೆ ಅಮಾವಾಸ್ಯೆಯ ಆಣೆಯನ್ನು ದಯವಿಟ್ಟು ತಡೆಯಿರಿ. ಕೈ ನಡುಗುವಷ್ಟು ಮದ್ಯಕ್ಕೆ ಒಗ್ಗಿದ ದೇಹಕ್ಕೆ ಅದು ಥಟ್ಟನೆ ನಿಂತರೆ, ಮೊದಲ ಎರಡು-ಮೂರು ದಿನಗಳಲ್ಲೇ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವಕ್ಕೇ ಅಪಾಯ. ವೈದ್ಯರು ಔಷಧ ಕೊಟ್ಟು, ಕಣ್ಣಿಟ್ಟು ಕಾದು ಬಿಡಿಸುತ್ತಾರೆ. ಹತ್ತಿರದ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಆಣೆಯನ್ನು ಆಮೇಲೂ ಮಾಡಿಸಬಹುದು.

ಇನ್ನು ಚಿತ್ರದ ಮಾತು. 1983ರ ಈ ಚಿತ್ರ ನನಗೆ ಬಹಳ ಪ್ರಿಯ. ಹಾರ್ಟನ್ ಫೂಟ್ ಅವರ ಚಿತ್ರಕಥೆಗೂ ರಾಬರ್ಟ್ ಡುವಾಲ್ ಅವರ ಅಭಿನಯಕ್ಕೂ ಆಸ್ಕರ್ ಬಂತು. ಆದರೆ ಅದರಲ್ಲಿ ರೋಸಾ ಲೀ ಏನು ಮಾಡುತ್ತಾಳೆಂಬುದನ್ನು ಇನ್ನೊಮ್ಮೆ ನೋಡಿ. ಟೆಕ್ಸಾಸ್‌ನ ಬಯಲಿನಲ್ಲಿ ಒಂದು ಸಣ್ಣ ಮೋಟೆಲ್ ನಡೆಸುವ ವಿಧವೆ ಆಕೆ. ಗಂಡ ವಿಯೆಟ್ನಾಂ ಯುದ್ಧದಲ್ಲಿ ಸತ್ತಿದ್ದಾನೆ, ಚಿಕ್ಕ ಮಗನಿದ್ದಾನೆ. ಅಲ್ಲಿ ಕುಡಿದು ಬಿದ್ದಿದ್ದ ಹಾಡುಗಾರ ಮ್ಯಾಕ್, ಬಾಡಿಗೆಗೆ ಕಾಸಿಲ್ಲದೆ ಕೆಲಸ ಕೇಳುತ್ತಾನೆ. ಕೊಡುತ್ತಾಳೆ, ಕೆಲಸದಲ್ಲಿರುವಾಗ ಕುಡಿಯಬಾರದೆಂಬ ಕರಾರಿನ ಮೇಲೆ. ಪ್ರೀತಿ, ಮದುವೆ, ಚರ್ಚು ಎಲ್ಲವೂ ಆ ಕರಾರಿನ ಆಚೆಗೆ ಬಂದವು. ಸಹಿಸಿಕೊಂಡು ಗೆದ್ದವಳಲ್ಲ ಆಕೆ. ಗಂಡನ ಹೊಡೆತ, ಸಾಲ ಎಲ್ಲವನ್ನೂ ನುಂಗಿದ ಸತಿಗೆ ಕೊನೆಯ ರೀಲಿನಲ್ಲಿ ಒಳ್ಳೆಯ ಗಂಡನನ್ನು ಬಹುಮಾನವಾಗಿ ಕೊಡುವ ಕಥೆಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ಅವು ಹೆಂಗಸರಿಗೆ ಮಾಡಿರುವ ಅನ್ಯಾಯ ಸಣ್ಣದಲ್ಲ.

ತನ್ನ ಹಾಡು ತಿರಸ್ಕೃತವಾದ ರಾತ್ರಿ ಮ್ಯಾಕ್ ಬಾಟಲಿ ಕೊಳ್ಳುತ್ತಾನೆ. ಮನೆಯಲ್ಲಿ ಆಕೆ ಪ್ರಾರ್ಥಿಸುತ್ತಾ ಎಚ್ಚರವಿದ್ದಾಳೆ. ಅವನು ಬಂದು, ಕೊಂಡೆ, ಎಲ್ಲ ಸುರಿದುಬಿಟ್ಟೆ ಎನ್ನುತ್ತಾನೆ. ಪ್ರಾರ್ಥನೆ ಅವಳದು, ಸುರಿದ ಕೈ ಅವನದು. ದೀಕ್ಷಾಸ್ನಾನ ಮುಗಿಸಿ ಬರುವಾಗ ‘ಏನಾದರೂ ಬದಲಾಯಿತೇ’ ಎಂದು ಹುಡುಗ ಕೇಳಿದರೆ, ‘ಇನ್ನೂ ಇಲ್ಲ’ ಎನ್ನುತ್ತಾನೆ. ಮುಂದೆ ಮ್ಯಾಕ್‌ನ ಹಿಂದಿನ ಮದುವೆಯ ಮಗಳು ಕಾರು ಅಪಘಾತದಲ್ಲಿ ಸಾಯುತ್ತಾಳೆ. ಯಾಕೆಂದು ಕೇಳುತ್ತಾನೆ, ಉತ್ತರವಿಲ್ಲ. ಆದರೂ ಅವನು ಕುಡಿಯುವುದಿಲ್ಲ. ನಂಬಿಕೆಯನ್ನು ಇಷ್ಟು ಗೌರವದಿಂದ ಕಂಡ ಚಿತ್ರಗಳು ವಿರಳ.

ನಿಮಗಾಗಿಯೂ ಒಂದು ಜಾಗವಿದೆ. ಕುಡಿತ ಬಿಡಲು ಬಯಸುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದವರಲ್ಲೊಬ್ಬರಾದ ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್, ಕುಡುಕರ ಮನೆಯವರಿಗೆಂದು 1951ರಲ್ಲಿ ಅಲ್-ಅನಾನ್ ಆರಂಭಿಸಿದರು. ಅಲ್ಲಿ ಹೇಳುವ ಮಾತು: ಇದಕ್ಕೆ ಕಾರಣ ನೀವಲ್ಲ, ಇದನ್ನು ಹತೋಟಿಗೆ ತರುವುದು ನಿಮ್ಮಿಂದಾಗದು, ವಾಸಿ ಮಾಡುವುದೂ ಆಗದು. ಬೆಂಗಳೂರಿನಲ್ಲೂ ಸಭೆಗಳು ನಡೆಯುತ್ತವೆ. ನಿಮ್ಮ ಯಜಮಾನರು ಒಪ್ಪದಿದ್ದರೂ ನೀವೊಬ್ಬರೇ ಹೋಗಬಹುದು.