ಬಿಳಿ ಅಂಗಿ ತವರಿನಿಂದ ಬರಲಿ

ಪ್ರಶ್ನೆ: ನಾನು ಮಲ್ಪೆಯ ಹಿಂದೂ ಮನೆಯವಳು. ಮದುವೆಯಾದದ್ದು ಕಲ್ಯಾಣಪುರದ ಕಥೋಲಿಕ ಮನೆಗೆ. ಮಗನಿಗೆ ಈಗ ಎರಡು ತಿಂಗಳು. ಬರುವ ತಿಂಗಳು ಬ್ಯಾಪ್ಟಿಸಂ ಎಂದು ಮಾತಾಗಿದೆ, ನಾನೂ ಮನಸಾರೆ ಒಪ್ಪಿದ್ದೇನೆ. ಆದರೆ ನಮ್ಮ ತುಳುವರ ಮನೆಯಲ್ಲಿ ಮಗುವಿನ ಯಾವ ಕಾರ್ಯಕ್ಕೂ ತಮ್ಮಲೆ, ಅಂದರೆ ಸೋದರಮಾವ, ಮುಂದೆ ನಿಲ್ಲಬೇಕು. ನನ್ನ ಅಣ್ಣ ಗಾಡ್‌ಫಾದರ್ ಆಗಬಹುದೇ? ಇಲ್ಲವಾದರೆ ಅಣ್ಣ, ಅಮ್ಮ ಇಬ್ಬರೂ ಇಗರ್ಜಿಯಲ್ಲಿ ಸುಮ್ಮನೆ ಕೂತು ಊಟ ಮಾಡಿ ಬರುವುದೇ?
— ಹೆಸರು ಬೇಡ, ಕಲ್ಯಾಣಪುರ

ಉತ್ತರ: ಮಗಳೇ, ಕಷ್ಟದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಣ್ಣ ಗಾಡ್‌ಫಾದರ್ ಆಗಲಿಕ್ಕೆ ಬರುವುದಿಲ್ಲ. ಆ ಜಾಗದಲ್ಲಿ ನಿಲ್ಲುವವರು 16 ವರ್ಷ ತುಂಬಿದ, ಪರಮಪ್ರಸಾದ, ದೃಢೀಕರಣ ಎಂಬ ಎರಡು ಸಂಸ್ಕಾರಗಳೂ ಆಗಿರುವ ಕಥೋಲಿಕರಾಗಿರಬೇಕು ಎಂದು ಧರ್ಮಸಭೆಯ 1983ರ ಕಾನೂನು ಸಂಹಿತೆ ಹೇಳುತ್ತದೆ. ಹೆತ್ತ ಅಪ್ಪ ಅಮ್ಮ ಕೂಡ ನಿಲ್ಲುವ ಹಾಗಿಲ್ಲ. ಮಗುವನ್ನು ಈ ವಿಶ್ವಾಸದಲ್ಲಿ ಬೆಳೆಸಲು ಜೊತೆಗಿರುತ್ತೇನೆ ಎಂದು ಅಲ್ಲಿ ಎಲ್ಲರೆದುರು ಮಾತು ಕೊಡಲಿಕ್ಕಿರುತ್ತದೆ. ತನ್ನದಲ್ಲದ ಮಾತನ್ನು ಅಣ್ಣನ ಬಾಯಿಂದ ಹೇಳಿಸುವುದು ಅವನಿಗೂ ಮರ್ಯಾದೆಯಲ್ಲ. ಗಂಡನ ಕಡೆಯ ಒಬ್ಬರೇ ನಿಂತರೂ ಸಾಕಾಗುತ್ತದೆ.

ನಿನ್ನ ಎರಡನೇ ಪ್ರಶ್ನೆ ಓದಿ ನನಗೆ ನಿದ್ದೆ ಬರಲಿಲ್ಲ. ನನ್ನ ಬಾಣಂತನದಲ್ಲಿ ನಲವತ್ತು ದಿನ ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿದವರು ಪಕ್ಕದ ಮನೆಯ ಬಂಟರ ಅಕ್ಕ. ಬ್ಯಾಪ್ಟಿಸಂ ದಿನ ಅವರು ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂತರು. ಮುಂದೆ ಬನ್ನಿ ಎಂದು ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಫೋಟೋದಲ್ಲಿ ಅವರಿಲ್ಲ. ಬಾಳೆಲೆಯಲ್ಲಿ ಕಟ್ಟಿ ತಂದಿದ್ದ ಒಂದು ಚೆಂಡು ಶಂಕರಪುರ ಮಲ್ಲಿಗೆಯನ್ನು ಬೆಂಚಿನ ಮೇಲೆಯೇ ಬಿಟ್ಟು ಹೋಗಿದ್ದರು. ಸಂಜೆ ಹೋಗಿ ನೋಡುವಾಗ ಎಲೆಯ ಮಡಿಕೆಯೊಳಗೆ ಹೂವು ಕಂದಿತ್ತು. ಆ ತಪ್ಪು ನನ್ನದು.

ಆಮೇಲೆ ಒಮ್ಮೆ ಆ ವಿಧಿಯ ಪುಸ್ತಕವನ್ನು ಕೂತು ಓದಿದೆ. ಮೂರು ಸಲ ನೀರು ಹೊಯ್ದು, ನೆತ್ತಿಗೆ ಕ್ರಿಸ್ಮಾ ಎಂಬ ಪವಿತ್ರ ತೈಲ ಹಚ್ಚಿದ ಮೇಲೆ ಮಗುವಿಗೆ ಬಿಳಿ ಬಟ್ಟೆ ಕೊಡುತ್ತಾರೆ. ಆಗ ಧರ್ಮಗುರುಗಳು ಹೇಳುವ ಮಾತಿನಲ್ಲಿ, ಮನೆಯವರೂ ಸ್ನೇಹಿತರೂ ನಡೆಯಿಂದ ನುಡಿಯಿಂದ ಈ ಮಗುವಿಗೆ ನೆರವಾಗುವುದು ಬರುತ್ತದೆ. ಮನೆಯವರು ಎಂದರೆ ನಿನ್ನ ಅಣ್ಣನೂ ಹೌದಲ್ಲವೇ? ಆ ಬಿಳಿ ಅಂಗಿಯನ್ನು ಅವನೇ ತರಲಿ. ವಾರ ಮೊದಲೇ ನಿನ್ನ ಗಂಡ ಹೋಗಿ ಧರ್ಮಗುರುಗಳಲ್ಲಿ ಮಾತಾಡಲಿ. ಅಮ್ಮನನ್ನು ಮೊದಲ ಬೆಂಚಿನಲ್ಲಿ ನೀನೇ ಕೈಹಿಡಿದು ಕೂರಿಸು.

ಸಂಜೆ ಮನೆಯಲ್ಲಿ ತೆರ್ಸ್, ಅಂದರೆ ಜಪಮಣಿಯ ಪ್ರಾರ್ಥನೆ, ಆದ ಮೇಲೆ ಇನ್ನೊಂದು ಕೆಲಸವಿದೆ. ನಾವು ಚಿಕ್ಕವರಿದ್ದಾಗ ಜಪಮಣಿ ಕೆಳಗಿಟ್ಟ ಕೂಡಲೇ ಸಾಲಾಗಿ ಹೋಗಿ ಶೆಮಾಂಯ್‌ಯಲ್ಲಿ, ಅಂದರೆ ಅಜ್ಜಿಯಲ್ಲಿ, ಬೆಸಾಂವ್ ಎಂಬ ಆಶೀರ್ವಾದ ಕೇಳುತ್ತಿದ್ದೆವು. ಇಡೀ ದಿನ ಬೀಡಿ ಕಟ್ಟಿದ ಅಜ್ಜಿಯ ಕೈ, ಹೊಗೆಸೊಪ್ಪಿನ ವಾಸನೆ, ಉಗುರಿನ ಸಂದಿನಲ್ಲಿ ನೂಲು ಎಳೆದ ಗೆರೆ. ಆ ಕೈ ತಲೆಗೆ ತಾಗಿದಾಗ ದೇವರಿದ್ದಾನೆ ಎಂದು ನಂಬಿದವಳು ನಾನು. ಧರ್ಮೋಪದೇಶದ ಕ್ಲಾಸು ಬಂದದ್ದು ಆಮೇಲೆ. ಮಗುವನ್ನು ಒಬ್ಬೊಬ್ಬ ಹಿರಿಯರ ಮಡಿಲಿಗೂ ಕೊಡು, ನಿನ್ನ ಅಮ್ಮನ ಮಡಿಲಿಗೂ. ನಮ್ಮವರು 'ದೇವ್ ಬರೆಂ ಕರುಂ' ಎನ್ನುತ್ತಾರೆ, ನಿನ್ನ ಅಮ್ಮ 'ದೇವೆರ್ ಎಡ್ಡೆ ಮಲ್ಪಡ್' ಎನ್ನುತ್ತಾರೆ. ಕೊಂಕಣಿ, ತುಳು ಎರಡೂ ಬಲ್ಲವರನ್ನು ಕೇಳಿ ನೋಡು, ಪದಕ್ಕೆ ಪದ ಒಂದೇ: ದೇವರು ಒಳ್ಳೆಯದು ಮಾಡಲಿ.

ಅಂಗಿ ಹತ್ತಿಯದೇ ಇರಲಿ, ಮುಂದೆ ಪೂರ್ತಿ ಬಿಚ್ಚುವಂಥದ್ದು. ಒದ್ದೆ ತಲೆಯ, ಅಳುವ ಮಗುವಿಗೆ ಮೇಲಿಂದ ತೂರಿಸುವ ಅಂಗಿ ಆಗದು. ಅಳತೆ ಸ್ವಲ್ಪ ದೊಡ್ಡದೇ ಹೇಳು. ಎರಡು ತಿಂಗಳಿನ ಮಗು ಮೂರಕ್ಕೆ ಬರುವಾಗ ಎಷ್ಟು ತುಂಬಿಕೊಳ್ಳುತ್ತದೆಂದು ಅಣ್ಣನಿಗೆ ಗೊತ್ತಿರಲಿಕ್ಕಿಲ್ಲ.