ಕೇಳ್ರಿ, ಹೇಳ್ತೀನಿ: ಅಣ್ಣ-ತಮ್ಮನ ನಡುವೆ ಇನ್ನೂ ಲಾಕ್‌ಡೌನ್

ಕಳೆದ ಸಂಚಿಕೆಯಲ್ಲಿ ‘ಜ್ವರ, ಕೆಮ್ಮು ಇದ್ದವರು ಲಗ್ನಕ್ಕೆ ಹೋಗಬೇಡಿ, ಆಹೇರು ಬೇರೆಯವರ ಕೈಲಿ ಕಳಿಸಿ’ ಎಂದು ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜ್ವರದ ಮಾತು ಕಡಿಮೆ, 2020ರ ಮಾತೇ ಹೆಚ್ಚು. ‘ಮತ್ತ ಶುರು ಮಾಡಿದ್ರೇನು ನಿಮ್ಮ ಲಾಕ್‌ಡೌನು?’ ಎಂದು ಒಬ್ಬರು ನೇರವಾಗಿಯೇ ಕೇಳಿದ್ದಾರೆ. ಆದ್ದರಿಂದ ಈ ಸಲ ಬಿಪಿ, ಸಕ್ಕರೆ ಕಾಯಿಲೆಯ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಕಲಬುರಗಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಹಿರಿಯ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಕೊರೊನಾ ಕಾಲದಲ್ಲಿ ಮನೆಮನೆ ತಿರುಗಿ ಬೈಸಿಕೊಂಡಿದ್ದೇನೆ, ಬೈದೂ ಇದ್ದೇನೆ. ನಾನು ಯಾರ ಕಡೆಯೂ ಅಲ್ಲ ಎಂದು ಹೇಳಿದರೆ ನೀವು ನಂಬಬೇಡಿ.

ಅಕ್ಕಾವ್ರೇ, ನಮ್ಮಣ್ಣಂದು ಬಟ್ಟಿ ಅಂಗಡಿ, ನಂದು ಔಷಧ ಅಂಗಡಿ. ಲಾಕ್‌ಡೌನ್‌ನ್ಯಾಗ ಅವಂದು ಬಂದ್, ನಂದು ಚಾಲೂ. ‘ಬಡವರನ್ನ ಮನ್ಯಾಗ ಕೂಡಿ ಹಾಕೋ ಆಟ ಅದು’ ಅಂತಾನ ಅವ. ‘ಇಲ್ಲಂದ್ರ ಹೆಣ ಎತ್ತಾಕ ಮಂದಿ ಸಿಗ್ತಿರಲಿಲ್ಲ’ ಅಂತೀನಿ ನಾ. ಹಬ್ಬಕ್ಕ ಕೂಡಿದ್ರ ಇದೇ ಜಗಳ. ಯಾರದು ಖರೆ?
– ಔಷಧ ವ್ಯಾಪಾರಿ, ಶಹಾಬಾದ

ನಿಮ್ಮ ಜಗಳದಲ್ಲಿ ವೈರಸ್ ಅರ್ಧ, ಅಂಗಡಿ ಅರ್ಧ. ರಂಜಾನ್, ಬಸವ ಜಯಂತಿ, ಲಗ್ನದ ಸೀಸನ್ ಎಲ್ಲ ಏಪ್ರಿಲ್-ಮೇ ತಿಂಗಳಿಗೇ ಬಿದ್ದಿದ್ದವು. ಬಟ್ಟೆ ವ್ಯಾಪಾರಿ ವರ್ಷದ ದುಡಿಮೆ ನೋಡುವುದೇ ಆಗ. 2020ರಲ್ಲೂ 2021ರಲ್ಲೂ ಬಂದ್ ಆದದ್ದು ಅದೇ ತಿಂಗಳುಗಳು. ಅಂಗಡಿಯ ಬಾಡಿಗೆ, ಕೆಲಸದ ಹುಡುಗರ ಪಗಾರ, ಸೂರತ್ತಿನಿಂದ ತರಿಸಿದ ಮಾಲಿನ ಬಾಕಿ ಮಾತ್ರ ಬಂದ್ ಆಗಲಿಲ್ಲ. ನಿಮ್ಮ ಅಂಗಡಿ ಮುಂದೆ ಸುಣ್ಣದ ವೃತ್ತ ಬರೆದು ಗಿರಾಕಿಗಳು ಸಾಲಾಗಿ ನಿಂತಿದ್ದನ್ನು ನಿಮ್ಮಣ್ಣ ನೋಡಿರುತ್ತಾರೆ. ಅವರ ನಷ್ಟವನ್ನು ನೀವು ಒಮ್ಮೆಯಾದರೂ ಬಾಯಿಬಿಟ್ಟು ಒಪ್ಪಿದ್ದೀರಾ?

ಇನ್ನು ಖರೆ ಯಾರದು? ಯಾವ ತಿಂಗಳ ಮಾತು ಎಂದು ಮೊದಲು ಕೇಳಬೇಕು.

ಮಾರ್ಚ್ 2020ರ ಮಾತಾದರೆ ನಿಮ್ಮದು ಖರೆ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯ 76 ವರ್ಷದ ಹಿರಿಯರದು. ಅವರು ತೀರಿಕೊಂಡದ್ದು ಮಾರ್ಚ್ 10ಕ್ಕೆ, ಸೋಂಕು ಖಚಿತವಾದದ್ದು 12ಕ್ಕೆ. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರಿಗೂ ತಗುಲಿತು. ರೋಗದ ಹೆಸರು ಗೊತ್ತಾಗುವ ಮೊದಲೇ ಸಾವು, ಉಪಚಾರ ಮಾಡಿದವರಿಗೇ ರೋಗ. ನಮ್ಮ ಕೇಂದ್ರದಲ್ಲಿ ಪಿಪಿಇ ಕಿಟ್ಟನ್ನು ಅಲ್ಲಿವರೆಗೆ ಯಾರೂ ಕಣ್ಣಿಂದ ಕಂಡಿರಲಿಲ್ಲ. ಅಂಥ ಹೊತ್ತಿನಲ್ಲಿ ಕೆಲವು ವಾರ ಜನ ಸೇರುವುದನ್ನು ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ. ಲಾಕ್‌ಡೌನ್ ವೈರಸ್ಸನ್ನು ಕೊಲ್ಲುವುದಿಲ್ಲ, ಹರಡುವ ವೇಗ ತಗ್ಗಿಸುತ್ತದೆ. ಹಾಗೆ ಸಿಕ್ಕ ಸಮಯದಲ್ಲಿ ಹಾಸಿಗೆ, ಆಮ್ಲಜನಕ, ಪರೀಕ್ಷೆಯ ವ್ಯವಸ್ಥೆ ಮಾಡಿಕೊಳ್ಳಬೇಕು.

ಆದರೆ ಮಾರ್ಚ್ 24ರ ರಾತ್ರಿ 8ಕ್ಕೆ ಹೇಳಿ 12ರಿಂದ ದೇಶವೇ ಬಂದ್ ಎಂದರಲ್ಲ, ಅಲ್ಲಿಂದ ನಿಮ್ಮಣ್ಣನ ಮಾತು ಶುರುವಾಗುತ್ತದೆ. ನಾಲ್ಕು ತಾಸಿನಲ್ಲಿ ಮುಂಬೈ, ಪುಣೆಯ ಕಟ್ಟಡದ ಕೆಲಸಕ್ಕೆ ಹೋದ ಯಾದಗಿರಿ, ಕಲಬುರಗಿ ಮಂದಿ ಎಲ್ಲಿಗೆ ಹೋಗಬೇಕಿತ್ತು? ಕೆಲಸವಿಲ್ಲ, ರೈಲಿಲ್ಲ, ಹತ್ತು ಜನರ ಒಂದೇ ಖೋಲಿ. ಮುಂಬೈಯಲ್ಲಿ ಸೋಂಕು ಕಡಿಮೆ ಇದ್ದಾಗಲೇ ಊರಿಗೆ ಬರಬಹುದಿದ್ದವರು, ಅಲ್ಲಿ ಅದು ಹಬ್ಬಿದ ಮೇಲೆ ಮೇ ತಿಂಗಳಲ್ಲಿ ಬಂದರು. ಆಮೇಲೆ ಯಾದಗಿರಿಯಲ್ಲಿ ಪ್ರಕರಣ ಏರಿದಾಗ ಬೈಗುಳವೂ ಅವರಿಗೇ.

ರೋಗ ತಡೆಯಲು ಹೋಗಿ ಬೇರೆ ರೋಗಗಳನ್ನು ಮರೆತದ್ದೂ ಇದೆ. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು, 2020ರಲ್ಲಿ ಸುಮಾರು 18 ಲಕ್ಷ. ಕ್ಷಯವೇನೂ ಕಡಿಮೆಯಾಗಿರಲಿಲ್ಲ. ಬಸ್ಸಿಲ್ಲದೆ, ಹೆದರಿಕೆಯಿಂದ, ಕಫ ಪರೀಕ್ಷೆಗೆ ಬರುವವರು ಕಡಿಮೆಯಾದರು. ಆ ಕೆಮ್ಮು ಅವರವರ ಮನೆಯಲ್ಲೇ, ಮೊಮ್ಮಕ್ಕಳ ಪಕ್ಕದಲ್ಲೇ ಉಳಿಯಿತು. ಇನ್ನು ರಾಜ್ಯದಲ್ಲಿ ಮದ್ಯದಂಗಡಿ ತೆರೆದದ್ದು 2020ರ ಮೇ 4ಕ್ಕೆ, 1ರಿಂದ 5ನೇ ತರಗತಿಯ ಮಕ್ಕಳಿಗೆ ಸಾಲಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಇದನ್ನು ಸಮರ್ಥಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಜನರ ನಂಬಿಕೆ ನಿಜವಾಗಿ ಹೋದದ್ದು ಮಾತ್ರ ಬಸವಕಲ್ಯಾಣದಲ್ಲಿ ಎಂದು ನನ್ನ ಲೆಕ್ಕ. ಅಲ್ಲಿನ ಶಾಸಕ ಬಿ. ನಾರಾಯಣರಾವ್ 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದಲೇ ತೀರಿಕೊಂಡರು. ಆ ಸ್ಥಾನಕ್ಕೆ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ಕ್ಕೆ, ಎರಡನೇ ಅಲೆ ತಲೆ ಮೇಲೆ ಬಂದಾಗ. ಕೊರೊನಾದಿಂದ ತೆರವಾದ ಸೀಟಿಗೆ ಕೊರೊನಾ ನಡುವೆಯೇ ಪ್ರಚಾರ! ಹತ್ತು ದಿನ ಕಳೆದು ಏಪ್ರಿಲ್ 27ರಿಂದ ಮತ್ತೆ ರಾಜ್ಯ ಬಂದ್. ಮಾಸ್ಕ್ ದಂಡದ್ದೂ ಅದೇ ಕಥೆ: 2020ರ ಅಕ್ಟೋಬರ್ ಆರಂಭದಲ್ಲಿ ನಗರಗಳಲ್ಲಿ 1,000 ರೂಪಾಯಿಗೆ ಏರಿಸಿದರು, ಜನ ಸಿಟ್ಟಾದ ಮೇಲೆ ವಾರದೊಳಗೆ 250ಕ್ಕೆ ಇಳಿಸಿದರು. ರೋಗದ ಲೆಕ್ಕ ಹಾಕಿ ಗೊತ್ತುಮಾಡಿದ ದಂಡವಾಗಿದ್ದರೆ ವಾರದಲ್ಲಿ ಮುಕ್ಕಾಲು ಪಾಲು ಹೇಗೆ ಇಳಿಯುತ್ತದೆ ಎಂದು ಕನ್ನಿ ಮಾರ್ಕೆಟ್‌ನ ಕಾಯಿಪಲ್ಯೆ ಮಾರುವವಳೂ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ಹಬ್ಬಕ್ಕೆ ಮಕ್ಕಳ ಬಟ್ಟೆಯನ್ನು ಅಣ್ಣನ ಅಂಗಡಿಯಲ್ಲೇ ತೆಗೆಯಿರಿ. ಚೌಕಾಸಿ ಮಾಡಬೇಡಿ.

ಸಿಸ್ಟರ್, ನಾ ಆಶಾ ಕಾರ್ಯಕರ್ತೆ. ಮುಂಬೈಯಿಂದ ಬಂದ ನಮ್ಮ ಕಾಕಾನ ಮಗನ ಹೆಸರು ನಾನೇ ಬರೆಸಿ ಕ್ವಾರಂಟೈನಿಗೆ ಸಾಲಿಗೆ ಕಳಿಸಿದ್ದೆ. ಇವತ್ತಿಗೂ ಕಾಕು ನನ್ನ ಕೂಡ ಮಾತಾಡಂಗಿಲ್ಲ. ಅವರ ಮನಿ ಕುಬಸದ ಕಾರ್ಯಕ್ಕೂ ಕರೀಲಿಲ್ಲ. ನಂದು ತಪ್ಪೇನ್ರಿ?
– ಹೆಸರು ಬೇಡ, ಸೇಡಂ ತಾಲ್ಲೂಕು

ತಪ್ಪಿಲ್ಲ ಯವ್ವಾ. ಹೆಸರು ಬರೆಸದಿದ್ದರೆ, ನಾಳೆ ಆ ಓಣಿಯಲ್ಲಿ ಒಬ್ಬ ಮುತ್ಯಾ ಹೋಗಿದ್ದರೆ, ಇದೇ ಊರು ‘ಸ್ವಂತ ಮಂದಿ ಅಂತ ಮುಚ್ಚಿಟ್ಟಳು’ ಅನ್ನುತ್ತಿತ್ತು.

ಆದರೆ ನಿಮ್ಮ ಕಾಕು ಏನು ಕಂಡರು ಎಂಬುದನ್ನೂ ನೆನೆಯಿರಿ. ನಾನು ನೋಡಿಕೊಂಡ ಒಂದು ಸಾಲಿಯಲ್ಲಿ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತಿದ್ದರು. ನೆಲಕ್ಕೆ ಜಮಖಾನ. ಮಾರ್ಚಿಯಲ್ಲಿ ಮಾಸ್ತರು ಬರೆದ ಭಿನ್ನರಾಶಿ ಲೆಕ್ಕ ಕರಿಹಲಗೆಯ ಮೇಲೆ ಹಾಗೇ ಇತ್ತು. ಅಷ್ಟು ಮಂದಿಗೆ ಒಂದೇ ನಳ, ಅದರಲ್ಲಿ ಮಧ್ಯಾಹ್ನ ಬರುವುದು ಕೈ ಸುಡುವ ನೀರು. ಮೇ ತಿಂಗಳ ನಮ್ಮ ಬಿಸಿಲು ಗೊತ್ತೇ ಇದೆಯಲ್ಲ. ಕೂಸು ಕಟ್ಟಿಕೊಂಡು ಬಂದ ಹೆಣ್ಣುಮಕ್ಕಳು ಕತ್ತಲಾಗುವವರೆಗೆ ಜಳಕಕ್ಕೆ ಕಾಯುತ್ತಿದ್ದರು. ಕೊಟ್ಟ ಚಿತ್ರಾನ್ನ ರೊಟ್ಟಿ ಉಣ್ಣುವ ಹೊಟ್ಟೆಗೆ ಸಾಲದು ಎಂದು ತಾಯಂದಿರು ರೊಟ್ಟಿ, ಪುಂಡಿಪಲ್ಯ ಗಂಟು ಕಟ್ಟಿ ಗೇಟಿನ ಸರಳಿನ ಸಂದಿಯಿಂದ ತೂರುತ್ತಿದ್ದರು. ಅತ್ತ ಮಗ, ಇತ್ತ ತಾಯಿ, ನಡುವೆ ಲಾಠಿ ಹಿಡಿದ ಹುಡುಗ. ತಪ್ಪು ಮಾಡಿದವರನ್ನು ಇಡುವುದು ಹೀಗೆ. ಕೈ ಮೇಲೆ ಮುದ್ರೆ, ಬಾಗಿಲಿಗೆ ಚೀಟಿ, ಮನೆಯಲ್ಲಿ ಕ್ವಾರಂಟೈನ್ ಇದ್ದವರು ತಾಸಿಗೊಂದು ಸೆಲ್ಫಿ ಕಳಿಸಬೇಕೆಂಬ ಹುಕುಂ. ಸೋಂಕಿನ ಸಂಶಯ ಇದ್ದವನನ್ನು ಬೇರೆ ಇಡುವುದಕ್ಕೂ ಅವನ ಮಾನ ತೆಗೆಯುವುದಕ್ಕೂ ಸಂಬಂಧವೇ ಇಲ್ಲ.

ಕಾಕುವಿನ ಹತ್ತಿರ ಹೋದಾಗ ನಿಯಮದ ಮಾತು ಎತ್ತಬೇಡಿ. ‘ಸಾಲಿಯಾಗ ತಮ್ಮ ಹೆಂಗ ದಿನಾ ತೆಗೆದ?’ ಎಂದು ಅವರ ಬಾಯಿಂದ ಕೇಳಿ. ಅವರು ಬೈಯಲಿ, ಬೈಸಿಕೊಳ್ಳಿ. ಸಮಯ ನೋಡಿ ನಿಮ್ಮ ಕಷ್ಟವನ್ನೂ ಹೇಳಿ: ಆ ಬಿಸಿಲಲ್ಲಿ ನೀವು ಮನೆಮನೆ ತಿರುಗಿದ್ದು, 2020ರ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ರಾಜ್ಯದ ಆಶಾಗಳೆಲ್ಲ ಮುಷ್ಕರ ಹೂಡಬೇಕಾಗಿ ಬಂದದ್ದು. ನೀವು ಸರ್ಕಾರದ ದೊಡ್ಡ ನೌಕರಿಯಲ್ಲಿದ್ದಿರಿ ಎಂದು ಕಾಕು ತಿಳಿದಿದ್ದರೂ ತಿಳಿದಿರಬಹುದು.

ತಟ್ಟೆ, ಜಾಗಟೆ ಬಾರಿಸಿದ್ದರಿಂದ ವೈರಸ್ ಹೋಯಿತೇ?
– ಚಿಂಚೋಳಿ

ಇಲ್ಲ. ಅದು ನಮಗೆ, ಅಂದರೆ ಆರೋಗ್ಯ ಸಿಬ್ಬಂದಿಗೆ, ಮರ್ಯಾದೆ ತೋರಿಸಲಿಕ್ಕಂತೆ. 2020ರ ಮಾರ್ಚ್ 22ರ ಸಂಜೆ 5ಕ್ಕೆ ಜೋರಾಗಿ ಬಾರಿಸಿದ ಮನೆಯವರೇ ಆಮೇಲೆ ತಮ್ಮ ಬಾಡಿಗೆಯ ನರ್ಸಮ್ಮನಿಗೆ ಖೋಲಿ ಖಾಲಿ ಮಾಡು ಎಂದರು. ಅವಳು ನನ್ನ ಜೊತೆ ಕೆಲಸ ಮಾಡುತ್ತಿದ್ದವಳು.

ಸಂವಿಧಾನ ಕೊಟ್ಟ ಸ್ವಾತಂತ್ರ್ಯವನ್ನು ಒಂದು ಸುತ್ತೋಲೆ ಕಸಿಯಬಹುದೇ? ನನ್ನ ದೇಹ ನನ್ನದಲ್ಲವೇ? ಲಸಿಕೆ ಹಾಕಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನಮ್ಮ ಕಾಲೇಜಿನಲ್ಲಿ ಆಗ ಹೆದರಿಸಿದ್ದರು.
– ಕಾನೂನು ವಿದ್ಯಾರ್ಥಿ, ಯಾದಗಿರಿ

ಕಾನೂನು ಓದುವವರು ಸೂಜಿ ಚುಚ್ಚುವವಳನ್ನು ಕೇಳುತ್ತಿದ್ದೀರಿ. ಇರಲಿ, ಸೂಜಿ ಹಿಡಿದು ನಿಂತವಳಿಗೂ ಇದು ಗೊತ್ತಿರಬೇಕು. ಸಂವಿಧಾನದ 19(1)(ಡಿ) ವಿಧಿ ದೇಶದಲ್ಲೆಲ್ಲ ಓಡಾಡುವ ಹಕ್ಕು ಕೊಡುತ್ತದೆ, 19(5) ಸಾರ್ವಜನಿಕರ ಹಿತಕ್ಕಾಗಿ ಅದಕ್ಕೆ ಯುಕ್ತ ನಿರ್ಬಂಧ ಹಾಕಬಹುದು ಎನ್ನುತ್ತದೆ. ಲಾಕ್‌ಡೌನಿಗೆ ಬಳಸಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಜಗಳ ಇರುವುದು ‘ಯುಕ್ತ’ ಎಂದರೆ ಎಷ್ಟು ಎಂಬಲ್ಲಿ.

ಲಸಿಕೆಯ ಬಗ್ಗೆ ಸುಪ್ರೀಂ ಕೋರ್ಟ್ 2022ರ ಮೇ 2ರಂದು ತೀರ್ಪು ಕೊಟ್ಟಿದೆ. ದೇಹದ ಮೇಲಿನ ಹಕ್ಕು 21ನೇ ವಿಧಿಯೊಳಗೆ ಬರುತ್ತದೆ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಆದರೆ ಸಮುದಾಯದ ಆರೋಗ್ಯಕ್ಕೆ ಬೇಕಾದರೆ ಅಪಾಯಕ್ಕೆ ತಕ್ಕಷ್ಟು ನಿರ್ಬಂಧ ಹಾಕಬಹುದು. ಆಗ ಸೋಂಕು ಇಳಿದಿದ್ದರಿಂದ, ಲಸಿಕೆ ಇಲ್ಲದವರನ್ನು ಸಾರ್ವಜನಿಕ ಸ್ಥಳಗಳಿಂದ ತಡೆಯುವುದು ಅಪಾಯಕ್ಕೆ ತಕ್ಕದ್ದಾಗಿರಲಿಲ್ಲ, ಅದನ್ನು ಕೈಬಿಡಿ ಎಂದು ಸೂಚಿಸಿತು. ಲಸಿಕಾ ನೀತಿ ಮನಸೋಇಚ್ಛೆಯದ್ದಲ್ಲ ಎಂದೂ ಹೇಳಿತು, ಅಡ್ಡಪರಿಣಾಮಗಳ ವರದಿ ಜನರಿಗೆ ಸಿಗುವಂತಿರಬೇಕು ಎಂದೂ ಹೇಳಿತು. ಲಸಿಕೆ ವಿರೋಧಿಸುವವರು ಮೊದಲ ಸಾಲು ಮಾತ್ರ ಓದುತ್ತಾರೆ, ನಮ್ಮ ಇಲಾಖೆಯವರು ನಡುವಿನ ಸಾಲು ಮಾತ್ರ. ನೀವು ಪೂರ್ತಿ ಓದಿ.

ನನ್ನದು ಇಷ್ಟೇ. ತನ್ನ ಹೊಲದಲ್ಲಿ ಒಬ್ಬನೇ ತೊಗರಿ ಕೊಯ್ಯುವವನಿಗೆ ಮಾಸ್ಕಿಲ್ಲವೆಂದು ದಂಡ ಹಾಕಿದರೆ ಅದರಿಂದ ಯಾರ ಆರೋಗ್ಯವೂ ಉಳಿಯುವುದಿಲ್ಲ. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಕೆಮ್ಮುತ್ತ ‘ನನ್ನ ಇಷ್ಟ’ ಎನ್ನುವವನಿಗೂ ನನ್ನ ಬೆಂಬಲವಿಲ್ಲ, ಪಕ್ಕದ ಸೀಟಿನವಳು ಆ ಗಾಳಿಯನ್ನು ಇಷ್ಟಪಟ್ಟು ಎಳೆದುಕೊಳ್ಳುತ್ತಿಲ್ಲ. ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಪುಣೆ ಇದೆ. 1897ರ ಪ್ಲೇಗಿನಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ಶೋಧಿಸಿದರು. ಆ ಸಿಟ್ಟಿನಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಗುಂಡಿಕ್ಕಿ ಕೊಂದರು. ಅದೇ ವರ್ಷ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಧೂಳು ಕೊಡವಿ ತೆಗೆದರು. ಕಾಯ್ದೆಯಲ್ಲಿ ಸರ್ಕಾರದ ಅಧಿಕಾರವಿದೆ, ಬಂದ್ ಆದ ಮನೆಗೆ ಜೋಳ ಯಾರು ತಲುಪಿಸಬೇಕು ಎಂಬುದಿಲ್ಲ. ನೀವು ವಕೀಲರಾದ ಮೇಲೆ ಅದರ ಬಗ್ಗೆ ವಾದ ಮಾಡಿ.

ದೇವರ ತೇರಿಗೂ ಅಡ್ಡ ಬಂದಿರಲ್ಲ, ಅದು ಸರಿಯೇ?
– ಚಿತ್ತಾಪುರ

ಸರಿ. ನಿಮ್ಮ ತಾಲ್ಲೂಕಿನ ರಾವೂರಿನಲ್ಲಿ 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಮೀರಿ ತೇರು ಎಳೆದು ಪ್ರಕರಣ ದಾಖಲಾದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಆಗ ಲಸಿಕೆ ಇರಲಿಲ್ಲ, ಹೆಗಲಿಗೆ ಹೆಗಲು ತಾಗಿಸದೆ ಹಗ್ಗ ಹಿಡಿಯಲು ಬರುವುದಿಲ್ಲ. ಒಂದು ಸಮುದಾಯದವರು ಸೇರಿದರೆ ‘ಬೇಕಂತಲೇ ಹರಡಿದರು’, ನಮ್ಮವರು ಸೇರಿದರೆ ‘ಭಕ್ತಿ’ ಎಂದು ಅಂದಿನ ವಾಟ್ಸ್‌ಆ್ಯಪ್ ತುಂಬ ಓಡಾಡಿತ್ತು. ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜರ ಉರುಸು ಎರಡಕ್ಕೂ ಹೋಗುವ ಊರಿನವಳು ನಾನು. ಆ ಸಂದೇಶಗಳನ್ನು ಕಳಿಸಿದವರ ನಂಬರು ಇನ್ನೂ ಬ್ಲಾಕಿನಲ್ಲೇ ಇವೆ.

ನನಗೆ 72, ಆಸ್ತಮಾ ಇದೆ. ಮದುವೆ ಮಂಟಪದಲ್ಲಿ ಮಾಸ್ಕ್ ಹಾಕಿದರೆ ‘ಗುರುಗಳೇ, ಕೊರೊನಾ ಹೋಗಿ ಕಾಲ ಆಯ್ತು’ ಎಂದು ನಗುತ್ತಾರೆ. ತೆಗೆದುಬಿಡಲೇ?
– ನಿವೃತ್ತ ಶಿಕ್ಷಕರು, ಹುಮನಾಬಾದ

ತೆಗೆಯಬೇಡಿ ಗುರುಗಳೇ. ಮಾಸ್ಕ್ ಹಾಕದಿರುವುದು ಅವರ ಸ್ವಾತಂತ್ರ್ಯವಾದರೆ ಹಾಕುವುದು ನಿಮ್ಮದು. 2023ರ ಡಿಸೆಂಬರ್‌ನಲ್ಲಿ ಕೊರೊನಾದ ಜೆಎನ್.1 ತಳಿ ಬಂದಾಗಲೂ ನಮ್ಮ ಸರ್ಕಾರ 60 ದಾಟಿದವರಿಗೆ ಮಾಸ್ಕ್ ಹಾಕಿ ಎಂದೇ ಹೇಳಿತ್ತು. ಆದರೆ ತೆಳು ಬಟ್ಟೆಯದು ಸಾಲದು, ಮೂಗಿಗೆ ಬಿಗಿಯಾಗಿ ಕೂರುವ ಎನ್95 ಬೇಕು. ಗಲ್ಲದ ಮೇಲೆ ಇಳಿಸಿಕೊಂಡರೆ ಹಾಕಿಯೂ ಹಾಕದಂತೆ.

ತರಕಾರಿಯನ್ನು ಉಪ್ಪುನೀರಿನಲ್ಲಿ ತೊಳೆದು, ಹಾಲಿನ ಪಾಕೀಟಿಗೆ ಸ್ಯಾನಿಟೈಸರ್ ಹೊಡೆದು ದಣಿದೆವಲ್ಲ, ಈ ರೋಗ ಮುಖ್ಯವಾಗಿ ಗಾಳಿಯಲ್ಲಿ ಹರಡುತ್ತದೆ ಎಂಬುದು ಖಚಿತವಾದದ್ದು ಆಮೇಲೆ. ಆದ್ದರಿಂದ ಮಂಟಪದಲ್ಲಿ ಎಸಿ ಹಾಕಿ ಬಾಗಿಲು ಮುಚ್ಚಿದ್ದರೆ ಅಕ್ಷತೆ ಹಾಕಿ ಹೊರಗೆ ಬಂದು ಕುಳಿತುಕೊಳ್ಳಿ. ಮನೆಯಲ್ಲಿ ಕೂಲರ್ ಇದ್ದರೆ ಅದನ್ನು ಕಿಟಕಿಗೆ ಇಟ್ಟು ಎದುರಿನ ಬಾಗಿಲು ತೆರೆದಿಡಿ, ಹೊರಗಿನ ಗಾಳಿ ಒಳಗೆ ಬರುತ್ತದೆ, ತಂಪೂ ಹೆಚ್ಚಾಗುತ್ತದೆ. ಬಾಗಿಲು ಮುಚ್ಚಿ ಕೂಲರ್ ಹಾಕಿದರೆ ಬರೀ ತೇವ. ಕೆಮ್ಮು ಎರಡು ವಾರ ದಾಟಿದರೆ ಆಸ್ತಮಾವೇ ಇರಬೇಕು ಎಂದು ಸುಮ್ಮನೆ ಕೂರದೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ದವಾಖಾನೆಯಲ್ಲಿ ಅದಕ್ಕೆ ದುಡ್ಡಿಲ್ಲ.